ಸಂಗ್ರಹದಿಂದ ಪ್ರಶ್ನೆಯ ಕಡೆಗೆ: ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರ ಮತ್ತು ಕನ್ನಡ ಜಾನಪದ ಅಧ್ಯಯನ

ಪೀಠಿಕೆ

ಕನ್ನಡ ಜಾನಪದ ಅಧ್ಯಯನದ ಚರಿತ್ರೆಯನ್ನು ಬಹುಮಟ್ಟಿಗೆ ಸಂಗ್ರಹದ ಚರಿತ್ರೆಯಾಗಿಯೇ ಬರೆಯಲಾಗಿದೆ. 1871ರಲ್ಲಿ ಚಾರ್ಲ್ಸ್ ಗೋವರ್ ದಕ್ಷಿಣ ಭಾರತದ ಜನಪದ ಗೀತೆಗಳ ಸಂಕಲನದಲ್ಲಿ ಕನ್ನಡದ ಹಾಡುಗಳನ್ನು ಇಂಗ್ಲಿಷಿಗೆ ತಂದದ್ದು, ಆ ಶತಮಾನದ ಕೊನೆಯ ಭಾಗದಲ್ಲಿ ಜೆ. ಎಫ್. ಫ್ಲೀಟ್ ಅವರು 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಲಾವಣಿಗಳನ್ನು ಪ್ರಕಟಿಸಿದ್ದು, 1931ರಲ್ಲಿ ಹಲಸಂಗಿಯ ಗೆಳೆಯರು 'ಗರತಿಯ ಹಾಡು' ಹೊರತಂದದ್ದು ಈ ಚರಿತ್ರೆಯ ಮುಖ್ಯ ಘಟ್ಟಗಳು. ಆಮೇಲಿನದು ವಿಶ್ವವಿದ್ಯಾಲಯಗಳ ಕಾಲ. ಧಾರವಾಡದಲ್ಲಿ ಬಿ. ಎಸ್. ಗದ್ದಗಿಮಠ, ಮೈಸೂರಿನಲ್ಲಿ ಜೀ. ಶಂ. ಪರಮಶಿವಯ್ಯ ಮೊದಲಾದವರು ಈ ಶಿಸ್ತಿಗೆ ಪದವಿ, ಪಠ್ಯಕ್ರಮ ಮತ್ತು ಕ್ಷೇತ್ರಕಾರ್ಯದ ಚೌಕಟ್ಟನ್ನು ಒದಗಿಸಿದರು. 1991ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ 2011ರಲ್ಲಿ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದಕ್ಕೆಂದೇ ಮೀಸಲಾದ ವಿಶ್ವವಿದ್ಯಾಲಯವೂ ಸ್ಥಾಪನೆಗೊಂಡವು.

ಈ ಸಾಧನೆ ಸಣ್ಣದಲ್ಲ. ಆದರೆ ಇದೇ ಸಾಧನೆ ಒಂದು ಕೊರತೆಯನ್ನು ಮರೆಸಿದೆ. ಒಂದು ಪಠ್ಯವನ್ನು ಯಾವ ಊರಿನಲ್ಲಿ, ಯಾವ ವಕ್ತೃವಿನಿಂದ, ಯಾವ ಸಂದರ್ಭದಲ್ಲಿ ದಾಖಲಿಸಲಾಯಿತು ಎಂಬುದಕ್ಕೆ ಕನ್ನಡದ ಸಂಶೋಧಕರು ಖಚಿತವಾಗಿ ಉತ್ತರಿಸಬಲ್ಲರು. ಆ ಪಠ್ಯ ಯಾವ ಬಗೆಯ ಮಾತು, ಅದನ್ನು ನಿಜವೆಂದು ನಂಬಿದವರಿಗೆ 'ನಿಜ' ಎಂದರೇನು, ಅದನ್ನು ಅರ್ಥಮಾಡಿಕೊಂಡಿದ್ದೇವೆ ಎನ್ನಲು ಆಧಾರವೇನು ಎಂದು ಕೇಳಿದಾಗ ಉತ್ತರ ಮಸುಕಾಗುತ್ತದೆ. ಇವು ತತ್ತ್ವಶಾಸ್ತ್ರದ ಪ್ರಶ್ನೆಗಳು. ಇವನ್ನು ಕ್ರಮಬದ್ಧವಾಗಿ ಕೇಳುವ ಅಭ್ಯಾಸವನ್ನು ವಿಶ್ವವಿದ್ಯಾಲಯದಲ್ಲಿ ಕಲಿಸುತ್ತಿದ್ದದ್ದು ತತ್ತ್ವಶಾಸ್ತ್ರದ ತರಗತಿ. ಪದವಿ ಹಂತದಲ್ಲಿ ಆ ವಿಷಯವನ್ನು ಆರಿಸಿಕೊಳ್ಳುವವರು ವಿರಳವಾಗಿರುವ, ಅದರಿಂದೇನು ಪ್ರಯೋಜನವೆಂಬ ಮಾತು ಬಲವಾಗಿರುವ ಈ ಹೊತ್ತಿನಲ್ಲಿ, ಅದರ ಬಾಳಿಕೆಯ ಮೌಲ್ಯವನ್ನು ಜಾನಪದದಂಥ ನೆರೆಯ ಶಿಸ್ತೊಂದರ ಅನುಭವದಿಂದ ಪರಿಶೀಲಿಸುವುದು ಅಗತ್ಯ.

'ತಾತ್ತ್ವಿಕತೆ' ಎಂಬ ಕೊನೆಯ ಅಧ್ಯಾಯ

ಜಾನಪದವನ್ನು ಕುರಿತ ಮಹಾಪ್ರಬಂಧಗಳಲ್ಲಿ ಒಂದು ಮಾದರಿ ಮತ್ತೆ ಮತ್ತೆ ಕಾಣಿಸುತ್ತದೆ. ಮೊದಲು ಪ್ರದೇಶದ ಪರಿಚಯ, ಬಳಿಕ ಪ್ರಕಾರಗಳ ವರ್ಗೀಕರಣ, ಆಶಯಗಳ ಪಟ್ಟಿ, ಸಾಮಾಜಿಕ ಅಂಶಗಳು. ಕೊನೆಗೆ 'ತಾತ್ತ್ವಿಕತೆ' ಅಥವಾ 'ಜೀವನದರ್ಶನ' ಎಂಬ ಒಂದು ಅಧ್ಯಾಯ. ಈ ಕೊನೆಯ ಅಧ್ಯಾಯ ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತದೆ.

ಮೊದಲನೆಯದು ಹೆಸರು ಹಚ್ಚುವ ದಾರಿ. ಕಾವ್ಯದಲ್ಲಿ ದೇಹ ನಶ್ವರವೆಂಬ ಮಾತು ಬಂದರೆ ಅದಕ್ಕೆ ವೈರಾಗ್ಯದ ಹೆಸರು, ಎಲ್ಲವೂ ಒಂದೇ ಎಂಬ ಮಾತು ಬಂದರೆ ಅದ್ವೈತದ ಹೆಸರು, ಗುರುವಿನ ಮಹಿಮೆ ಬಂದರೆ ವೀರಶೈವದ ಇಲ್ಲವೆ ನಾಥಪಂಥದ ಹೆಸರು. ಶಿಷ್ಟ ದರ್ಶನಗಳ ಪೆಟ್ಟಿಗೆಗಳು ಮೊದಲೇ ಸಿದ್ಧವಾಗಿರುತ್ತವೆ. ಹಾಡುಗಾರರ ಮಾತನ್ನು ಅವುಗಳಲ್ಲಿ ತುಂಬುವುದಷ್ಟೇ ಕೆಲಸ. ಎರಡನೆಯದು ಕೊಂಡಾಟದ ದಾರಿ. ಜನಪದರಿಗೆ ಅವರದೇ ಆದ ಮಹಾದರ್ಶನವಿದೆ, ಅದು ಗ್ರಂಥಸ್ಥ ದರ್ಶನಗಳಿಗಿಂತ ಮಿಗಿಲು ಎಂಬ ಘೋಷಣೆಯೊಂದಿಗೆ ಅಧ್ಯಾಯ ಮುಗಿಯುತ್ತದೆ. ಆ ದರ್ಶನದ ವಾದವೇನು, ಅದು ಯಾವ ಆಕ್ಷೇಪಕ್ಕೆ ಉತ್ತರ ಕೊಡುತ್ತದೆ, ಅದರೊಳಗೇ ಭಿನ್ನಾಭಿಪ್ರಾಯಗಳಿವೆಯೆ ಎಂಬ ವಿಚಾರಣೆ ನಡೆಯುವುದಿಲ್ಲ.

ಮೇಲ್ನೋಟಕ್ಕೆ ಈ ಎರಡು ದಾರಿಗಳು ವಿರುದ್ಧ ದಿಕ್ಕಿನವು. ಆದರೆ ಎರಡರ ತಪ್ಪೂ ಒಂದೇ. ತತ್ತ್ವಶಾಸ್ತ್ರವೆಂದರೆ ಸಿದ್ಧಾಂತಗಳ ದಾಸ್ತಾನು ಎಂದು ಎರಡೂ ಭಾವಿಸುತ್ತವೆ. ಒಂದು ಆ ದಾಸ್ತಾನಿನಿಂದ ಸಾಲ ತರುತ್ತದೆ, ಇನ್ನೊಂದು ತನ್ನದೇ ದಾಸ್ತಾನಿದೆ ಎನ್ನುತ್ತದೆ. ತರಗತಿಯಲ್ಲಿ ತತ್ತ್ವಶಾಸ್ತ್ರವನ್ನು ಕೆಲವು ವರ್ಷ ಓದಿದ ವಿದ್ಯಾರ್ಥಿ ಸಿದ್ಧಾಂತಗಳನ್ನು ಮರೆಯಬಹುದು. ಆದರೆ ಒಂದು ಮಾತನ್ನು ಕೇಳಿದೊಡನೆ ಅದು ವರ್ಣನೆಯೋ, ವಾದವೋ, ಆಜ್ಞೆಯೋ, ಹಾರೈಕೆಯೋ ಎಂದು ಬಿಡಿಸಿ ನೋಡುವ ರೂಢಿ ಅವನಲ್ಲಿ ಉಳಿಯುತ್ತದೆ. ಜಾನಪದ ಅಧ್ಯಯನಕ್ಕೆ ಬೇಕಾಗಿರುವುದು ಈ ರೂಢಿ. ಕೆಲವು ನಿದರ್ಶನಗಳಿಂದ ಇದನ್ನು ಸ್ಪಷ್ಟಪಡಿಸಬಹುದು.

ಆಚರಣೆ ಮತ್ತು ಅಭಿಪ್ರಾಯ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮಳೆ ಕೈಕೊಟ್ಟಾಗ ಗುರ್ಜಿ ಆಡುವ ಸಂಪ್ರದಾಯವಿದೆ. ರೊಟ್ಟಿಯ ಹೆಂಚಿನ ಮೇಲೆ ಸಗಣಿಯ ಗುರ್ಜಿಯನ್ನಿಟ್ಟು ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗುತ್ತಾರೆ. ಮನೆಯವರು ಅದರ ಮೇಲೆ ನೀರು ಸುರಿಯುತ್ತಾರೆ. ಈ ಆಚರಣೆಯನ್ನು 'ಅನುಕರಣ ಮಾಂತ್ರಿಕತೆ' ಎಂದು ವಿವರಿಸುವುದು ವಾಡಿಕೆ. ನೀರು ಸುರಿದರೆ ಮಳೆ ಸುರಿಯುತ್ತದೆ ಎಂಬ ನಂಬಿಕೆ ಇದರ ಹಿಂದಿದೆ ಎನ್ನುವುದು ಈ ವಿವರಣೆಯ ಸಾರ. ಇದರ ಮೂಲ ಜೇಮ್ಸ್ ಫ್ರೇಜರ್. 1890ರಲ್ಲಿ ಎರಡು ಸಂಪುಟಗಳಾಗಿ ಹೊರಬಂದು ಮುಂದೆ ಹನ್ನೆರಡು ಸಂಪುಟಗಳಿಗೆ ಬೆಳೆದ 'ದಿ ಗೋಲ್ಡನ್ ಬೋ' ಗ್ರಂಥದಲ್ಲಿ ಆತ ಮಾಂತ್ರಿಕತೆಯನ್ನು ಕಾರಣ–ಕಾರ್ಯ ಸಂಬಂಧದ ತಪ್ಪು ಗ್ರಹಿಕೆಯೆಂದು, ವಿಜ್ಞಾನದ ಅಪಕ್ವ ರೂಪವೆಂದು ನಿರೂಪಿಸಿದ.

'ಗರತಿಯ ಹಾಡು' ಪ್ರಕಟವಾದ 1931ರಲ್ಲೇ ತತ್ತ್ವಜ್ಞಾನಿ ಲುಡ್ವಿಗ್ ವಿಟ್‌ಗೆನ್‌ಸ್ಟೈನ್ ಫ್ರೇಜರನ ಗ್ರಂಥದ ಬಗ್ಗೆ ಟಿಪ್ಪಣಿಗಳನ್ನು ಬರೆಯತೊಡಗಿದ. ಅವು ಬೆಳಕು ಕಂಡದ್ದು ಆತನ ಮರಣಾನಂತರ, 1967ರಲ್ಲಿ. ಆತನ ವಾದದ ತಿರುಳು ಸರಳ. ಅಭಿಪ್ರಾಯಕ್ಕೆ ಮಾತ್ರ ತಪ್ಪು–ಸರಿಗಳಿರುತ್ತವೆ. ಆಚರಣೆಯೊಂದರ ಹಿಂದೆ ಅಭಿಪ್ರಾಯವಿರಲೇಬೇಕೆಂದೇನಿಲ್ಲ. ಮಳೆಯನ್ನು ಬೇಡುವ ಆಚರಣೆ ನಡೆಯುವುದು ಮಳೆಗಾಲದ ಹೊಸ್ತಿಲಲ್ಲಿ. ಆಚರಣೆಯೇ ಮಳೆಗೆ ಕಾರಣವೆಂದು ಜನ ನಿಜವಾಗಿ ತಿಳಿದಿದ್ದರೆ ಅದನ್ನು ಕಡುಬೇಸಿಗೆಯಲ್ಲಿ ಮಾಡುತ್ತಿದ್ದರು ಎಂಬುದು ಆತನ ತರ್ಕ. ಗುರ್ಜಿಯ ವಿಚಾರಕ್ಕೆ ಈ ಮಾತು ನೇರವಾಗಿ ಅನ್ವಯಿಸುತ್ತದೆ. ಮಳೆ ಬರಬೇಕಾದ ಕಾಲದಲ್ಲಿ ಬಾರದೆ ಹೋದಾಗ ಊರು ತನ್ನ ಆತಂಕವನ್ನೂ ಆಸೆಯನ್ನೂ ಒಟ್ಟಾಗಿ ಬೀದಿಗೆ ತರುತ್ತದೆ. ನೀರಿಗೆ ಬರವಿರುವ ದಿನಗಳಲ್ಲಿ ಪ್ರತಿ ಮನೆಯೂ ಒಂದಿಷ್ಟು ನೀರನ್ನು ಸುರಿಯುವುದರಲ್ಲಿ ಹಂಚಿಕೊಳ್ಳುವ ಒಂದು ಒಪ್ಪಂದವಿದೆ. ಇದನ್ನು ತಪ್ಪು ಹವಾಮಾನಶಾಸ್ತ್ರವೆಂದು ಓದುವವನು ಆಚರಣೆಯನ್ನೇ ಕಾಣಲಾರ.

ಈ ಟಿಪ್ಪಣಿಗಳು ಪ್ರಶ್ನಾತೀತವೇನಲ್ಲ. ಗುರ್ಜಿ ಆಡಿದರೆ ಮಳೆ ಬಂದೇ ಬರುತ್ತದೆ ಎಂದು ಖಚಿತವಾಗಿ ಹೇಳುವ ವಕ್ತೃಗಳೂ ಇರಬಹುದು. ಅವರ ಮಾತನ್ನು ಬದಿಗೆ ಸರಿಸಲಾಗದು. ಆದರೆ ಪ್ರಶ್ನೆ ಬದಲಾಗಿದೆ ಎಂಬುದು ಗಮನಿಸಬೇಕಾದ ಅಂಶ. 'ಇದನ್ನು ಏಕೆ ಮಾಡುತ್ತೀರಿ?' ಎಂದು ಕೇಳಿ ಬಂದ ಉತ್ತರವನ್ನು 'ನಂಬಿಕೆ' ಎಂಬ ಶೀರ್ಷಿಕೆಯಡಿ ಬರೆದುಕೊಳ್ಳುವ ಮುನ್ನ, ಆ ಪ್ರಶ್ನೆಯೇ ಅಭಿಪ್ರಾಯವೊಂದನ್ನು ವಕ್ತೃವಿನ ಬಾಯಲ್ಲಿ ಹುಟ್ಟಿಸಿತೆ ಎಂದು ಸಂಶೋಧಕ ಯೋಚಿಸಬೇಕಾಗುತ್ತದೆ.

ವಿಟ್‌ಗೆನ್‌ಸ್ಟೈನ್ ಕೇಂಬ್ರಿಜ್‌ನಲ್ಲಿ 1946–47ರಲ್ಲಿ ನೀಡಿದ ಉಪನ್ಯಾಸಗಳನ್ನು ಕೇಳಿ ಬರೆದುಕೊಂಡವರಲ್ಲಿ ಕೆ. ಜೆ. ಶಾಹ ಒಬ್ಬರು. ಗೀಚ್ ಮತ್ತು ಜ್ಯಾಕ್ಸನ್ ಅವರ ಟಿಪ್ಪಣಿಗಳೊಡನೆ ಶಾಹ ಅವರ ಟಿಪ್ಪಣಿಗಳೂ 1988ರಲ್ಲಿ ಗ್ರಂಥರೂಪದಲ್ಲಿ ಬಂದವು. ಶಾಹ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಬೋಧಿಸಿದರು. ಅರ್ಥಶಾಸ್ತ್ರ, ಪುರುಷಾರ್ಥಗಳಂಥ ವಿಷಯಗಳನ್ನು ಹೊಸ ದೃಷ್ಟಿಯಿಂದ ವಿವೇಚಿಸಿದರು. ಕನ್ನಡ ಜನಪದ ಗೀತೆಗಳ ಶಾಸ್ತ್ರೀಯ ಅಧ್ಯಯನ ಬೆಳೆದದ್ದೂ ಅದೇ ವಿಶ್ವವಿದ್ಯಾಲಯದಲ್ಲಿ. ಹೀಗಿದ್ದೂ ಕನ್ನಡದ ಆಚರಣೆಗಳ ಅಧ್ಯಯನಗಳಲ್ಲಿ ಫ್ರೇಜರನ ಪರಿಭಾಷೆ ಬೇರೂರಿದಷ್ಟು, ಅದರ ಮೇಲಿನ ಈ ವಿಮರ್ಶೆ ಬೇರೂರಲಿಲ್ಲ.

ನುಡಿ ಎಂಬ ಕ್ರಿಯೆ

ಎರಡನೆಯ ನಿದರ್ಶನ ಕರಾವಳಿಯದು. ಭೂತಾರಾಧನೆಯಲ್ಲಿ ದೈವ ನುಡಿ ಕೊಡುತ್ತದೆ. ಸಿರಿ ಜಾತ್ರೆಯಲ್ಲಿ ಆವೇಶಗೊಂಡ ಹೆಣ್ಣುಮಕ್ಕಳು ತಾವು ಸಿರಿ, ಸೊನ್ನೆ, ಗಿಂಡೆ, ಅಬ್ಬಗ, ದಾರಗ ಎಂದು ಹೇಳಿಕೊಳ್ಳುತ್ತಾರೆ. ಈ ಮಾತನ್ನು ಹೇಗೆ ಗ್ರಹಿಸಬೇಕು? ಅದನ್ನು ವಸ್ತುಸ್ಥಿತಿಯ ವರದಿಯೆಂದು ತೆಗೆದುಕೊಂಡರೆ ಸಂಶೋಧಕನಿಗೆ ಎರಡೇ ಆಯ್ಕೆಗಳು: ನಂಬುವುದು, ಇಲ್ಲವೆ ಭ್ರಮೆಯೆಂದು ತಳ್ಳಿಹಾಕುವುದು. ಮನೋವೈಜ್ಞಾನಿಕ ವಿವರಣೆಗಳಲ್ಲಿ ಹಲವು ಎರಡನೆಯದರ ಸಭ್ಯ ರೂಪಗಳು.

ಆಕ್ಸ್‌ಫರ್ಡಿನ ತತ್ತ್ವಜ್ಞಾನಿ ಜೆ. ಎಲ್. ಆಸ್ಟಿನ್ 1955ರಲ್ಲಿ ಹಾರ್ವರ್ಡಿನಲ್ಲಿ ನೀಡಿ 1962ರಲ್ಲಿ ಪ್ರಕಟವಾದ ಉಪನ್ಯಾಸಗಳು ಈ ಇಕ್ಕಟ್ಟಿನಿಂದ ಹೊರಬರುವ ದಾರಿ ತೋರಿಸಿದವು. ಎಲ್ಲ ಮಾತುಗಳೂ ವರದಿಗಳಲ್ಲ. ಕೆಲವು ಮಾತುಗಳನ್ನು ಆಡುವುದೇ ಒಂದು ಕೆಲಸವನ್ನು ಮಾಡುವುದು. ಆಣೆ ಇಡುವುದು, ಹರಕೆ ಹೊರುವುದು, ಹರಸುವುದು, ಶಪಿಸುವುದು, ಹೆಸರಿಡುವುದು ಇಂಥವು. ಅವುಗಳ ಬಗ್ಗೆ ಕೇಳಬೇಕಾದದ್ದು ಅವು ನಿಜವೆ ಸುಳ್ಳೆ ಎಂದಲ್ಲ. ಆಡುವ ಅಧಿಕಾರ ಯಾರಿಗಿದೆ, ಯಾವ ಕ್ರಮದಲ್ಲಿ ಆಡಬೇಕು, ಯಾವಾಗ ಆ ಮಾತು ಕೈಗೂಡುತ್ತದೆ, ಯಾವಾಗ ಕೆಡುತ್ತದೆ ಎಂದು ಕೇಳಬೇಕು. ಶ್ರೀಲಂಕಾ ಮೂಲದ ಮಾನವಶಾಸ್ತ್ರಜ್ಞ ಸ್ಟ್ಯಾನ್ಲಿ ತಂಬಯ್ಯ 1979ರ ಪ್ರಸಿದ್ಧ ಉಪನ್ಯಾಸದಲ್ಲಿ ಈ ದೃಷ್ಟಿಯನ್ನು ಆಚರಣೆಗಳ ಅಧ್ಯಯನಕ್ಕೆ ವಿಸ್ತರಿಸಿದರು.

ಈ ನೆಲೆಯಿಂದ ನೋಡಿದಾಗ ದೈವದ ನುಡಿಯ ಸುತ್ತಲಿನ ವಿವರಗಳೆಲ್ಲ ಅರ್ಥಪೂರ್ಣವಾಗುತ್ತವೆ. ಗುತ್ತಿನ ಯಜಮಾನನ ಸ್ಥಾನ, ಭಿನ್ನಹದ ಕ್ರಮ, ನುಡಿಗೆ ಊರು ಕೊಡುವ ಒಪ್ಪಿಗೆ ಮೊದಲಾದವು ಮಾತಿಗೆ ಬಲ ಬರುವ ಕರಾರುಗಳು. ಈ ಕರಾರುಗಳನ್ನು ಯಾರು ನಿಯಂತ್ರಿಸುತ್ತಾರೆ ಎಂದು ಕೇಳಿದೊಡನೆ ಜಾತಿಯ ಪ್ರಶ್ನೆ ಮೇಲೆ ಬರುತ್ತದೆ. ದೈವಕ್ಕೆ ಮೈಯೊಡ್ಡುವ ಸಮುದಾಯಕ್ಕೆ ಆ ಹೊತ್ತಿನ ಮಾತಿನಲ್ಲಿರುವ ಅಧಿಕಾರ ಮರುದಿನ ಏಕಿಲ್ಲ? ತತ್ತ್ವಶಾಸ್ತ್ರದ ಒಂದು ಸೂಕ್ಷ್ಮ ಭೇದ ಇಲ್ಲಿ ಸಾಮಾಜಿಕ ವಿಮರ್ಶೆಗೆ ದಾರಿ ಮಾಡಿಕೊಡುತ್ತದೆ. ತತ್ತ್ವಶಾಸ್ತ್ರ ಸಮಾಜದಿಂದ ದೂರ ಸರಿಸುತ್ತದೆಂಬ ಆರೋಪವನ್ನು ಈ ನಿದರ್ಶನದ ಬೆಳಕಿನಲ್ಲಿ ಮರುಪರಿಶೀಲಿಸಬೇಕು.

ಹಾಡದಿರುವಾಗ ಕಾವ್ಯ ಎಲ್ಲಿರುತ್ತದೆ?

1990ರ ಡಿಸೆಂಬರಿನಲ್ಲಿ ಬೆಳ್ತಂಗಡಿ ತಾಲ್ಲೂಕಿನ ಗೋಪಾಲ ನಾಯ್ಕ ಅವರು ತುಳುವಿನ ಸಿರಿ ಕಾವ್ಯವನ್ನು ಹಲವು ದಿನಗಳ ಕಾಲ ಹಾಡಿದರು. ಫಿನ್ಲೆಂಡಿನ ಲೌರಿ ಹೋಂಕೊ, ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರ ತಂಡ ಅದನ್ನು ದಾಖಲಿಸಿತು. 15,683 ಸಾಲುಗಳ ಆ ಪಠ್ಯ 1998ರಲ್ಲಿ ಪ್ರಕಟವಾಯಿತು. ಅದರ ಜೊತೆಗೆ ಬಂದ ಸೈದ್ಧಾಂತಿಕ ಸಂಪುಟದಲ್ಲಿ ಹೋಂಕೊ 'ಮಾನಸಿಕ ಪಠ್ಯ'ವೆಂಬ ಪರಿಕಲ್ಪನೆಯನ್ನು ವಿಸ್ತಾರವಾಗಿ ಮಂಡಿಸಿದರು. ಹಾಡುಗಾರನ ಮನಸ್ಸಿನಲ್ಲಿರುವುದು ಕಂಠಪಾಠದ ಸಾಲುಗಳ ಸರಣಿಯಲ್ಲ. ಕಥೆಯ ಎಳೆಗಳು, ನುಡಿಗಟ್ಟುಗಳು, ಪ್ರಕಾರದ ನಿಯಮಗಳು, ಹಿಂದಿನ ಹಾಡಿಕೆಗಳ ನೆನಪು ಸೇರಿದ ಒಂದು ಹೊಂದಿಕೊಳ್ಳುವ ವ್ಯವಸ್ಥೆ ಎಂಬುದು ಇದರ ಸಾರ.

ಇದು ಜಾನಪದದ ಪರಿಕಲ್ಪನೆಯಾದರೂ ಇದರ ಹಿಂದಿರುವುದು ಕಲಾಕೃತಿಯ ಇರವನ್ನು ಕುರಿತ ತತ್ತ್ವಶಾಸ್ತ್ರೀಯ ಪ್ರಶ್ನೆ. ಕೃತಿ ಎಂದರೆ ಯಾವುದು? ಒಂದು ಹಾಡಿಕೆಯೆ, ಎಲ್ಲ ಹಾಡಿಕೆಗಳ ಮೊತ್ತವೆ, ಹಾಡುಗಾರನ ಮನಸ್ಸಿನಲ್ಲಿರುವುದೆ, ಸಮುದಾಯದ ನೆನಪಿನಲ್ಲಿರುವುದೆ? ಈ ಪ್ರಶ್ನೆಯನ್ನು ಬಗೆಹರಿಸಿಕೊಳ್ಳದೆ 'ಶುದ್ಧ ಪಾಠ'ವನ್ನು ಹುಡುಕುವ, ಹಲವು ಪಾಠಗಳನ್ನು ಬೆಸೆದು ಒಂದು 'ಸಮಗ್ರ' ಕಾವ್ಯವನ್ನು ಕಟ್ಟುವ ಸಂಪಾದನೆಗಳು ಯಾರೂ ಎಂದೂ ಹಾಡದ ಪಠ್ಯವೊಂದನ್ನು ಸೃಷ್ಟಿಸುತ್ತವೆ.

ಕುತೂಹಲದ ಸಂಗತಿಯೆಂದರೆ ಜನಪದರೂ ಈ ಪ್ರಶ್ನೆಯನ್ನು ತಮ್ಮದೇ ರೀತಿಯಲ್ಲಿ ಕೇಳಿಕೊಂಡಿದ್ದಾರೆ. ಒಂದು ಕಥೆಯನ್ನೂ ಒಂದು ಹಾಡನ್ನೂ ಬಲ್ಲ ಹೆಂಗಸೊಬ್ಬಳು ಅವನ್ನು ಯಾರಿಗೂ ಹೇಳದೆ ಉಳಿಸಿಕೊಂಡಾಗ, ಉಸಿರುಗಟ್ಟಿದ ಕಥೆ–ಹಾಡುಗಳು ಹೊರಬಂದು ಜೋಡು ಮತ್ತು ಅಂಗಿಯಾಗಿ ಮನೆಯಲ್ಲಿ ಜಗಳ ಹಚ್ಚುವ ಕನ್ನಡ ಕಥೆಯನ್ನು ಎ. ಕೆ. ರಾಮಾನುಜನ್ ಸಂಗ್ರಹಿಸಿ ಅನುವಾದಿಸಿದ್ದಾರೆ. ಹೇಳದೆ ಇದ್ದಾಗಲೂ ಕಥೆಗೆ ಇರವಿದೆ, ಆದರೆ ಆ ಇರವು ನೆಮ್ಮದಿಯದಲ್ಲ ಎಂಬ ನಿಲುವು ಅದರಲ್ಲಿದೆ. ರಾಮಾನುಜನ್ ಅವರಿಂದ ಕೇಳಿದ ಇಂಥ ಕಥೆಗಳನ್ನು ಆಧರಿಸಿ ಗಿರೀಶ ಕಾರ್ನಾಡರು 1988ರಲ್ಲಿ 'ನಾಗಮಂಡಲ'ವನ್ನು ರಚಿಸಿದರು. ಕಾರ್ನಾಡರು ಆಕ್ಸ್‌ಫರ್ಡಿನಲ್ಲಿ ಓದಿದ ವಿಷಯಗಳಲ್ಲಿ ತತ್ತ್ವಶಾಸ್ತ್ರವೂ ಒಂದೆಂಬುದನ್ನು ಇಲ್ಲಿ ನೆನೆಯಬಹುದು. ಆ ಓದಿನಿಂದಲೇ ನಾಟಕ ಹುಟ್ಟಿತೆನ್ನಲಾಗದು. ಆದರೆ ಕಥೆಯನ್ನು ರಂಜನೆಯ ಆಚೆಗೆ ಒಂದು ಸಮಸ್ಯೆಯಾಗಿ ಕಾಣುವ ದೃಷ್ಟಿ ಆ ನಾಟಕದ ಚೌಕಟ್ಟಿನಲ್ಲಿ ಸ್ಪಷ್ಟವಾಗಿದೆ.

ಗಾದೆ, ಪ್ರಮಾಣ ಮತ್ತು ಜಾಣತನ

ತತ್ತ್ವಶಾಸ್ತ್ರದ ಉಪಯೋಗವೆಂದರೆ ಪಾಶ್ಚಾತ್ಯ ಚಿಂತಕರ ಉಪಯೋಗ ಎಂದು ಭಾವಿಸಬೇಕಾಗಿಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಎಂ. ಹಿರಿಯಣ್ಣನವರು ತಮ್ಮ ತರಗತಿಯ ಉಪನ್ಯಾಸಗಳನ್ನು ಆಧರಿಸಿ 1932ರಲ್ಲಿ ಪ್ರಕಟಿಸಿದ ಭಾರತೀಯ ತತ್ತ್ವಶಾಸ್ತ್ರದ ರೂಪುರೇಷೆಗಳ ಗ್ರಂಥ ಇಂದಿಗೂ ಪಠ್ಯವಾಗಿ ಉಳಿದಿದೆ. ಅದರಲ್ಲಿ ನ್ಯಾಯದರ್ಶನದ ಭಾಗವನ್ನು ಓದಿದ ವಿದ್ಯಾರ್ಥಿಗೆ ಕನ್ನಡದ ಗಾದೆಗಳು ಬೇರೆಯೇ ಆಗಿ ಕೇಳಿಸುತ್ತವೆ.

ಊರಿನ ನ್ಯಾಯಪಂಚಾಯ್ತಿಯಲ್ಲಿ ಒಬ್ಬನ ಮೇಲೆ ಅಪವಾದ ಬಂದಿದೆ ಎಂದುಕೊಳ್ಳೋಣ. 'ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ' ಎಂದು ಒಬ್ಬರು ಹೇಳುತ್ತಾರೆ. ಹೊಗೆಯಿಂದ ಬೆಂಕಿಯನ್ನು ಊಹಿಸುವುದು ನೈಯಾಯಿಕರ ಅನುಮಾನಪ್ರಮಾಣದ ಪ್ರಸಿದ್ಧ ಉದಾಹರಣೆ. 'ಬೆಳ್ಳಗಿರುವುದೆಲ್ಲ ಹಾಲಲ್ಲ' ಎಂದು ಇನ್ನೊಬ್ಬರು ಉತ್ತರಿಸುತ್ತಾರೆ. ಹೇತು ಇದ್ದಮಾತ್ರಕ್ಕೆ ಸಾಧ್ಯ ಸಿದ್ಧವಾಗದು, ಅದೇ ಹೇತು ಬೇರೆಡೆಯೂ ಇರಬಹುದು ಎಂಬ ಈ ಆಕ್ಷೇಪವನ್ನು ಶಾಸ್ತ್ರದಲ್ಲಿ ಸವ್ಯಭಿಚಾರವೆಂಬ ಹೇತ್ವಾಭಾಸವೆಂದು ಕರೆಯುತ್ತಾರೆ. 'ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು' ಎಂಬ ಹಿರಿಯರ ಮಾತು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಪ್ರತ್ಯಕ್ಷಪ್ರಮಾಣವನ್ನೇ ಪರೀಕ್ಷೆಗೆ ಒಡ್ಡುತ್ತದೆ. ಗಾದೆಗಳನ್ನು 'ಕೃಷಿಗೆ ಸಂಬಂಧಿಸಿದವು', 'ಕುಟುಂಬಕ್ಕೆ ಸಂಬಂಧಿಸಿದವು' ಎಂದು ವಸ್ತುವಿನ ಮೇಲೆ ವಿಂಗಡಿಸುವ ಸಂಕಲನಗಳಲ್ಲಿ ಇವು ಮೂರು ಬೇರೆ ಬೇರೆ ಪುಟಗಳಲ್ಲಿ ಕುಳಿತಿರುತ್ತವೆ. ವಾದದಲ್ಲಿ ಒಂದಕ್ಕೊಂದು ಎದುರುನಿಲ್ಲುವ ಅವುಗಳ ಕೆಲಸ ಕಾಣೆಯಾಗುತ್ತದೆ. 'ಹಣೆಬರಹಕ್ಕೆ ಹೊಣೆ ಯಾರು' ಮತ್ತು 'ಕೈ ಕೆಸರಾದರೆ ಬಾಯಿ ಮೊಸರು' ಎಂಬ ಗಾದೆಗಳೂ ಹಾಗೆಯೇ. ಇವೆರಡನ್ನೂ ಒಟ್ಟಿಗೆ ಇರಿಸಿಕೊಂಡ ಸಮಾಜಕ್ಕೆ ಒಂದೇ 'ಜೀವನದರ್ಶನ'ವಿದೆ ಎನ್ನುವುದು ಅವಸರದ ತೀರ್ಮಾನ.

ಹಾಗಾದರೆ ಗಾದೆ ಬಲ್ಲವರೆಲ್ಲ ತತ್ತ್ವಜ್ಞಾನಿಗಳೆ? ಈ ಪ್ರಶ್ನೆ ಆಫ್ರಿಕದಲ್ಲಿ ತೀವ್ರವಾಗಿ ಚರ್ಚೆಗೊಂಡಿದೆ. ಬೆಲ್ಜಿಯನ್ ಕಾಂಗೊದಲ್ಲಿದ್ದ ಮಿಷನರಿ ಪ್ಲಾಸಿಡ್ ಟೆಂಪೆಲ್ಸ್ 1945ರಲ್ಲಿ ಬಂಟು ಜನರ ತತ್ತ್ವಶಾಸ್ತ್ರವನ್ನು ಕುರಿತು ಗ್ರಂಥ ಬರೆದಾಗ, ಇಡೀ ಸಮುದಾಯಕ್ಕೆ ಒಂದು ಅವ್ಯಕ್ತ ದರ್ಶನವನ್ನು ಆರೋಪಿಸಿದ. ಬೆನಿನ್ ದೇಶದ ತತ್ತ್ವಜ್ಞಾನಿ ಪೌಲಿನ್ ಹೌಂಟೊಂಜಿ ಎಪ್ಪತ್ತರ ದಶಕದಲ್ಲಿ ಇದನ್ನು ಕಟುವಾಗಿ ವಿರೋಧಿಸಿದರು. ಎಲ್ಲರೂ ಒಮ್ಮತದಿಂದ ಒಂದೇ ರೀತಿ ಯೋಚಿಸುತ್ತಾರೆಂದು ಭಾವಿಸುವುದು ಆ ಜನರಿಗೆ ಗೌರವವಲ್ಲ. ವಾದ–ಪ್ರತಿವಾದವಿಲ್ಲದೆ ತತ್ತ್ವಶಾಸ್ತ್ರವಿಲ್ಲ ಎಂಬುದು ಅವರ ನಿಲುವು. ಕೀನ್ಯಾದ ಎಚ್. ಒಡೆರ ಒರೂಕ ಮೂರನೆಯ ದಾರಿ ತುಳಿದರು. ಹಳ್ಳಿಗಳ ಜ್ಞಾನಿಗಳನ್ನು ಸಂದರ್ಶಿಸಿ, ಸಮುದಾಯದ ತಿಳಿವಳಿಕೆಯನ್ನು ಚೆನ್ನಾಗಿ ಬಲ್ಲವರು ಮತ್ತು ಅದನ್ನು ವಿಮರ್ಶಿಸಿ ಸ್ವಂತ ನಿಲುವಿಗೆ ಬಂದವರು ಎಂದು ಅವರಲ್ಲಿ ಎರಡು ಬಗೆಯನ್ನು ಗುರುತಿಸಿದರು. ಅವರ ಗ್ರಂಥ 1990ರಲ್ಲಿ ಪ್ರಕಟವಾಯಿತು. ಕೊಂಡಾಟದ ದಾರಿ ಹಿಡಿದ ಕನ್ನಡದ ಅಧ್ಯಯನಗಳು ಹೌಂಟೊಂಜಿಯವರ ಎಚ್ಚರಿಕೆಯನ್ನೂ ಒರೂಕರ ವಿಧಾನವನ್ನೂ ಗಂಭೀರವಾಗಿ ಪರಿಗಣಿಸಬೇಕು. ಕ್ಷೇತ್ರದಲ್ಲಿ ಸಿಗುವವರು ಬರಿಯ ವಕ್ತೃಗಳಲ್ಲ. ಅವರಲ್ಲಿ ಕೆಲವರು ಚಿಂತಕರು. ಆದರೆ ಅವರನ್ನು ಚಿಂತಕರೆಂದು ಗುರುತಿಸಬೇಕಾದರೆ ಅವರೊಡನೆ ವಾದಿಸಲು ಸಂಶೋಧಕನಿಗೆ ಬರಬೇಕು.

ಮಂಟೇಸ್ವಾಮಿಯ ಪರೀಕ್ಷೆ

ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದ ಕಲ್ಯಾಣದ ಪ್ರಸಂಗ ಹೆಸರು ಹಚ್ಚುವ ವಿಧಾನದ ಮಿತಿಯನ್ನು ಚೆನ್ನಾಗಿ ತೋರಿಸುತ್ತದೆ. ಮಂಟೇಸ್ವಾಮಿ ಹೇಸಿಗೆ ಹುಟ್ಟಿಸುವ, ದುರ್ವಾಸನೆಯ ರೂಪದಲ್ಲಿ ಬಸವಣ್ಣನ ಕಲ್ಯಾಣಕ್ಕೆ ಬರುತ್ತಾನೆ. ಶರಣರೆಂಬ ಹೆಸರು ಹೊತ್ತವರಿಗೆ ಅವನು ಯಾರೆಂಬುದು ಗೊತ್ತಾಗುವುದಿಲ್ಲ. ಈ ಪ್ರಸಂಗವನ್ನು ವೀರಶೈವದ ಜನಪದ ರೂಪವೆಂದು ಓದಿದವರಿದ್ದಾರೆ. ಅದರ ವಿರುದ್ಧದ ಪ್ರತಿಭಟನೆಯೆಂದು ಓದಿದವರೂ ಇದ್ದಾರೆ. ಎರಡು ಓದುಗಳೂ ಕಾವ್ಯ ಯಾವ ಪಂಥದ ಪರ ಎಂಬುದನ್ನು ನಿರ್ಧರಿಸಲು ಹೊರಟಿವೆ.

ಕಾವ್ಯ ಕೇಳುವ ಪ್ರಶ್ನೆ ಇದಕ್ಕಿಂತ ಆಳವಾದದ್ದು. ಸಮಾನತೆಯ ತತ್ತ್ವವನ್ನು ಬಲ್ಲೆನೆಂದು ಹೇಳುವವನು ಅದನ್ನು ನಿಜವಾಗಿ ಬಲ್ಲನೆ ಎಂಬುದಕ್ಕೆ ಪ್ರಮಾಣ ಯಾವುದು? ವಚನ ಹೇಳುವುದು, ದಾಸೋಹ ನಡೆಸುವುದು, ಲಾಂಛನ ಧರಿಸುವುದು ಪ್ರಮಾಣವಾಗಲಾರವು ಎನ್ನುತ್ತದೆ ಕಾವ್ಯ. ಎದುರಿಗೆ ಬಂದವನನ್ನು ಗುರುತಿಸಬಲ್ಲೆಯಾ ಎಂಬುದೇ ಅಲ್ಲಿನ ಪರೀಕ್ಷೆ. ಆ ಪರೀಕ್ಷೆ ನಡೆಯುವುದು ಬುದ್ಧಿಯಲ್ಲಲ್ಲ, ಮೂಗಿನಲ್ಲಿ. ಅಸ್ಪೃಶ್ಯತೆ ಸಿದ್ಧಾಂತದಲ್ಲಿ ಅಳಿದ ಮೇಲೂ ಇಂದ್ರಿಯಗಳ ಅಭ್ಯಾಸದಲ್ಲಿ ಉಳಿಯುತ್ತದೆ ಎಂಬ ಈ ಅರಿವು ಜ್ಞಾನವನ್ನು ಕುರಿತ ಒಂದು ಗಂಭೀರ ಪ್ರತಿಪಾದನೆ: ತಿಳಿಯುವುದು ಎಂದರೆ ಒಪ್ಪಿಕೊಳ್ಳುವುದಷ್ಟೇ ಅಲ್ಲ, ಮೈಯ ರೂಢಿ ಬದಲಾಗುವುದು. ಜ್ಞಾನಮೀಮಾಂಸೆಯ ಪರಿಚಯವಿಲ್ಲದ ಓದುಗನಿಗೂ ಈ ಪ್ರಸಂಗ ತಟ್ಟುತ್ತದೆ. ಆದರೆ ಇದು ಕೇವಲ ಪವಾಡವಲ್ಲ, ಒಂದು ವಾದ ಎಂದು ತೋರಿಸಿಕೊಡಲು ಆ ಪರಿಚಯ ನೆರವಾಗುತ್ತದೆ.

ಆಕ್ಷೇಪ ಮತ್ತು ಸಮಾಧಾನ

ಇಲ್ಲಿ ಒಂದು ನ್ಯಾಯವಾದ ಆಕ್ಷೇಪವಿದೆ. ಈ ನೆರವನ್ನು ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರ ಎಂದಾದರೂ ನೀಡಿತೆ? ಮೈಸೂರಿನ ವಿಭಾಗದ ಪರಂಪರೆ ದೊಡ್ಡದು. 1918ರಿಂದ 1921ರವರೆಗೆ ಎಸ್. ರಾಧಾಕೃಷ್ಣನ್ ಅಲ್ಲ��� ಪ್ರಾಧ್ಯಾಪಕರಾಗಿದ್ದರು. ಎ. ಆರ್. ವಾಡಿಯ ಅವರು ದೀರ್ಘಕಾಲ ಬೋಧಿಸಿ, 1923ರಷ್ಟು ಹಿಂದೆಯೇ ಸ್ತ್ರೀವಾದದ ನೀತಿಶಾಸ್ತ್ರವನ್ನು ಕುರಿತು ಗ್ರಂಥ ಪ್ರಕಟಿಸಿದ್ದರು. ಮೈಸೂರಿನಲ್ಲಿ ತತ್ತ್ವಶಾಸ್ತ್ರ ಓದಿದ ಎಸ್. ಎಲ್. ಭೈರಪ್ಪನವರು ಸತ್ಯ–ಸೌಂದರ್ಯಗಳ ಸಂಬಂಧವನ್ನು ಕುರಿತು ಬರೋಡದಲ್ಲಿ ಸಂಶೋಧನೆ ಮಾಡಿ, ಹುಬ್ಬಳ್ಳಿಯಲ್ಲಿ ತರ್ಕಶಾಸ್ತ್ರ ಕಲಿಸಿ, ಕನ್ನಡ ಕಾದಂಬರಿಗೆ ವಾದದ ಕಸುವನ್ನು ತಂದರು. ಆದರೆ ಈ ಪರಂಪರೆಯ ಪಠ್ಯಕ್ರಮದಲ್ಲಿ ಒಂದು ಕಡೆ ಸಂಸ್ಕೃತದ ದರ್ಶನಗಳು, ಇನ್ನೊಂದು ಕಡೆ ಯುರೋಪಿನ ಚಿಂತಕರು ಇದ್ದರು. ನಡುವಿನ ಕನ್ನಡಕ್ಕೆ ಜಾಗ ಕಿರಿದಾಗಿತ್ತು. ತತ್ತ್ವಪದಗಳನ್ನು ಹಾಡುವವರು ಹಳ್ಳಿಹಳ್ಳಿಗಳಲ್ಲಿದ್ದರೂ, 'ತತ್ತ್ವ' ಎಂಬ ಪದವೇ ಎರಡೂ ಕಡೆ ಇದ್ದರೂ, ತರಗತಿಗೆ ಅವರ ಪದಗಳು ಪ್ರವೇಶಿಸಲಿಲ್ಲ.

ಗೋಪಾಲ ಗುರು 2002ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ ಭಾರತದ ಸಮಾಜವಿಜ್ಞಾನಗಳು ಸಿದ್ಧಾಂತದ ಬ್ರಾಹ್ಮಣರು ಮತ್ತು ಅನುಭವಸಾಮಗ್ರಿಯ ಶೂದ್ರರು ಎಂದು ಒಡೆದಿವೆಯೆಂದು ಆರೋಪಿಸಿದರು. ಈ ಆರೋಪವನ್ನು ಮುಂದಿಟ್ಟುಕೊಂಡು ಅವರು ಮತ್ತು ಸುಂದರ್ ಸರುಕ್ಕೈ ನಡೆಸಿದ ವಾಗ್ವಾದ 2012ರಲ್ಲಿ ಪುಸ್ತಕವಾಯಿತು. ಜಾನಪದ ಅಧ್ಯಯನದ ಸ್ಥಿತಿಗೆ ಈ ವಿಶ್ಲೇಷಣೆ ಹೆಚ್ಚು ಸಲ್ಲುತ್ತದೆ. ಸಾಮಗ್ರಿಯನ್ನು ಹೊತ್ತು ತರುವುದು ಕನ್ನಡದ ಸಂಶೋಧಕರ ಪಾಲು, ಅದಕ್ಕೆ ಸಿದ್ಧಾಂತ ಕಟ್ಟುವುದು ಬೇರೆಯವರ ಪಾಲು ಎಂಬ ವಿಭಜನೆ ಮೌನವಾಗಿ ಒಪ್ಪಿತವಾಗಿದೆ. ಹಳ್ಳಿಯಿಂದ, ತಳಸಮುದಾಯಗಳಿಂದ ಬಂದ ವಿದ್ಯಾರ್ಥಿಗೆ 'ನಿನಗೆ ಕ್ಷೇತ್ರ ಗೊತ್ತು, ಸಂಗ್ರಹಿಸು' ಎಂದು ಹೇಳಿ ತತ್ತ್ವಶಾಸ್ತ್ರವನ್ನು ಅವನಿಂದ ದೂರವಿಡುವುದು ಮೆಚ್ಚುಗೆಯ ವೇಷದ ಹೊರಗಿಡುವಿಕೆ.

ಆದ್ದರಿಂದ ತತ್ತ್ವಶಾಸ್ತ್ರ ಶಿಷ್ಟರದು, ಜಾನಪದಕ್ಕೆ ಅದು ಬೇಡ ಎಂಬ ವಾದ ತಳಸಮುದಾಯಗಳ ಪರವಾಗಿ ಕಂಡರೂ ಫಲದಲ್ಲಿ ಅವರ ವಿರುದ್ಧವೇ ಆಗುತ್ತದೆ. ವಿಭಾಗಗಳನ್ನು ಮುಚ್ಚುವುದರಿಂದ ಈ ವಿಭಜನೆ ಅಳಿಯುವುದಿಲ್ಲ. ಅಲ್ಲಿಗೆ ಬರುವವರು ಮತ್ತು ಅಲ್ಲಿ ಓದುವ ಪಠ್ಯಗಳು ಬದಲಾದಾಗ ಅಳಿಯಬಹುದು. ಡಿ. ಆರ್. ನಾಗರಾಜ್ ಅವರ ಮರಣಾನಂತರ 1999ರಲ್ಲಿ ಬಂದ 'ಅಲ್ಲಮಪ್ರಭು ಮತ್ತು ಶೈವ ಪ್ರತಿಭೆ' ಈ ಸಾಧ್ಯತೆಗೆ ಸಾಕ್ಷಿ. ಕನ್ನಡದ ಪಠ್ಯವೊಂದನ್ನು ದರ್ಶನಗಳ ಪೆಟ್ಟಿಗೆಗೆ ತುಂಬದೆ, ದರ್ಶನಗಳೊಡನೆ ಸಮಸಮವಾಗಿ ವಾದಕ್ಕೆ ಕೂರಿಸಿದ ಕೃತಿ ಅದು. ಜಾನಪದ ಕಾವ್ಯಗಳಿಗೆ ಅಷ್ಟೇ ತೂಕದ ವಿಚಾರಣೆ ದೊರೆಯಬೇಕಾಗಿದೆ.

ಉಳಿಯುವ ಮೌಲ್ಯ

ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಓದುವುದರ ಮೌಲ್ಯವನ್ನು ಉದ್ಯೋಗದ ಲೆಕ್ಕದಲ್ಲಿ ಅಳೆಯುವವರಿಗೆ ಅದು ಕಾಣದಿರುವುದು ಸಹಜ. ಅದರ ಫಲ ಬೇರೆ ಶಿಸ್ತುಗಳ ಹೊಲದಲ್ಲಿ, ವರ್ಷಗಳ ಬಳಿಕ ದೊರೆಯುತ್ತದೆ. ಆಚರಣೆಯನ್ನು ಅಭಿಪ್ರಾಯದಿಂದ, ವರದಿಯನ್ನು ಕ್ರಿಯೆಯಿಂದ, ಪಠ್ಯವನ್ನು ಕೃತಿಯಿಂದ, ಸಮುದಾಯದ ತಿಳಿವಳಿಕೆಯನ್ನು ವ್ಯಕ್ತಿಯ ಚಿಂತನೆಯಿಂದ ಬಿಡಿಸಿ ನೋಡುವ ಶಕ್ತಿ ಜಾನಪದ ಸಂಶೋಧಕನಿಗೆ ದಿನನಿತ್ಯ ಬೇಕು. ಇದನ್ನು ಕ್ಷೇತ್ರಕಾರ್ಯದ ಕೈಪಿಡಿಯಿಂದ ಕಲಿಯುವುದು ಕಷ್ಟ. ನಿಧಾನವಾದ ಓದಿನಿಂದ, ಎದುರುವಾದವನ್ನು ಸಹಿಸುವ ತರಗತಿಯಿಂದ ಕಲಿಯಬಹುದು.

ಇದಕ್ಕೆ ದೊಡ್ಡ ಯೋಜನೆಗಳ ಅಗತ್ಯವಿಲ್ಲ. ಜಾನಪದದ ಸ್ನಾತಕೋತ್ತರ ಪಠ್ಯಕ್ರಮದಲ್ಲಿ ತರ್ಕ ಮತ್ತು ಜ್ಞಾನಮೀಮಾಂಸೆಯ ಒಂದು ಪತ್ರಿಕೆ, ತತ್ತ್ವಶಾಸ್ತ್ರದ ಪಠ್ಯಕ್ರಮದಲ್ಲಿ ತತ್ತ್ವಪದ, ಗಾದೆ, ಮೌಖಿಕ ಕಾವ್ಯಗಳ ಒಂದು ಪತ್ರಿಕೆ, ಎರಡೂ ವಿಭಾಗಗಳ ವಿದ್ಯಾರ್ಥಿಗಳು ಜೊತೆಯಾಗಿ ಮಾಡುವ ಒಂದು ಕ್ಷೇತ್ರಕಾರ್ಯ ಆರಂಭಕ್ಕೆ ಸಾಕು. ತತ್ತ್ವಪದಗಳ ಸಂಪುಟಗಳು ಈಗ ಅಚ್ಚಾಗಿ ಗ್ರಂಥಾಲಯಗಳಿಗೆ ಬಂದಿವೆ. ದಶಕಗಳ ಧ್ವನಿಮುದ್ರಿಕೆಗಳು ವಿಭಾಗಗಳ ಕಪಾಟಿನಲ್ಲಿವೆ. ಆಕರಗಳ ಕೊರತೆಯಿದೆ ಎಂದು ಇನ್ನು ಹೇಳುವಂತಿಲ್ಲ.

ಆ ಧ್ವನಿಮುದ್ರಿಕೆಗಳಲ್ಲಿ ಹಾಡು ಮುಗಿದ ಮೇಲೆ ಸಂಶೋಧಕನ ದನಿ ಕೇಳಿಸುವುದುಂಟು: ಹೆಸರೇನು, ವಯಸ್ಸೆಷ್ಟು, ಯಾರಿಂದ ಕಲಿತಿರಿ. ಅಷ್ಟಕ್ಕೆ ಯಂತ್ರ ನಿಲ್ಲುತ್ತದೆ. ಮಂಟೇಸ್ವಾಮಿಯನ್ನು ಶರಣರು ಏಕೆ ಗುರುತಿಸಲಿಲ್ಲ, ತಾವಾಗಿದ್ದರೆ ಗುರುತಿಸುತ್ತಿದ್ದಿರಾ ಎಂದು ಆ ನೀಲಗಾರನನ್ನು ಕೇಳಿದ್ದರೆ ಅವನು ಏನು ಹೇಳುತ್ತಿದ್ದನೆಂಬುದು ಯಾವ ಸಂಪುಟದಲ್ಲೂ ದಾಖಲಾಗಿಲ್ಲ. ಮುಂದಿನ ತಲೆಮಾರಿನ ಸಂಶೋಧಕರು ಆ ಪ್ರಶ್ನೆಯನ್ನು ಕೇಳಿ, ಉತ್ತರಕ್ಕಾಗಿ ಕಾಯುವಂತಾಗಬೇಕು.